ಕೋಟಿನೊಳಗಿನ ಟಾರ್ಚು

ತೊಂಬತ್ತರ ದಶಕದಲ್ಲಿ, ಲಂಡನ್ ವಿಮಾನ ನಿಲ್ದಾಣದ ಹತ್ತಿರದ ಹೌನ್ಸ್ಲೋದಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ವಿಮಾನ ರಿಪೇರಿಯ ಎಂಜಿನಿಯರೊಬ್ಬರಿದ್ದರು, ಧಾರವಾಡದ ಕಡೆಯವರು. ನಮ್ಮ ಬಾಯ್ಲರ್ ಕೆಟ್ಟರೂ, ಮಕ್ಕಳು ಗಾಜು ಒಡೆದರೂ ಅವರದು ಒಂದೇ ಮಾತು: "ಯಾರು ಮಾಡಿದ್ರು ಅನ್ನೋದು ಆಮ್ಯಾಲ. ಏನಾತು, ಅದನ್ನ ಹೇಳ್ರಿ." ಹೊರಡುವಾಗ ನಮ್ಮ ಚಮಚವೇನಾದರೂ ಒಳಗೆ ಬಿದ್ದಿದೆಯೋ ಎಂಬಂತೆ ಕೋಟಿನ ಜೇಬುಗಳನ್ನೆಲ್ಲ ತಟ್ಟಿ ನೋಡಿಕೊಳ್ಳುತ್ತಿದ್ದರು.

ಆ ಅಭ್ಯಾಸ ಹೇಗೆ ಬಂತೆಂದು ಒಂದು ಯುಗಾದಿಯ ಊಟದಲ್ಲಿ ಅವರೇ ಹೇಳಿದರು. ಒಮ್ಮೆ ಶಿಫ್ಟ್ ಮುಗಿದಾಗ ಉಪಕರಣದ ಪೆಟ್ಟಿಗೆಯಲ್ಲಿ ಅವರ ಟಾರ್ಚಿನ ಜಾಗ ಖಾಲಿಯಿತ್ತು. ಅವರು ರಿಪೇರಿ ಮಾಡಿದ ವಿಮಾನ ಆಗಲೇ ಪ್ರಯಾಣಿಕರೊಂದಿಗೆ ರನ್‌ವೇ ಕಡೆ ಹೊರಟಿತ್ತು. ಟಾರ್ಚು ಎಂಜಿನ್ನಿನೊಳಗೇ ಉಳಿದಿದ್ದರೆ? ಅವರು ಫೋನೆತ್ತಿ, ತಮ್ಮ ಹೆಸರು ಹೇಳಿ, ವಿಮಾನವನ್ನು ವಾಪಸ್ ಕರೆಸಿದರು. ಎಲ್ಲರನ್ನೂ ಇಳಿಸಿ ಎಂಜಿನ್ ಬಿಚ್ಚಿ ಹುಡುಕುತ್ತಿರುವಾಗ ಟಾರ್ಚು ಸಿಕ್ಕಿದ್ದು ಅವರದೇ ಕೋಟಿನ ಹರಿದ ಅಸ್ತರಿನೊಳಗೆ.

ಎದುರು ಕೂತಿದ್ದ ಬೆಂಗಳೂರಿನ ಡಾಕ್ಟರು, "ಅಯ್ಯೋ, ಸುಮ್ನೆ ಫ್ಲೈಟ್ ನಿಲ್ಸಿದ್ರಲ್ಲ! ಎಲ್ರೂ ನಕ್ಕಿರ್ಬೇಕು," ಎಂದರು.

ಎಂಜಿನಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

"ನಕ್ಕರು. ಆದ್ರ ಯಾರೂ ಬೈಲಿಲ್ಲ ನೋಡ್ರಿ. ಅದಕ್ಕ, ನಾಳೆ ಖರೇನ ಎಂಜಿನ್ನಿನ್ಯಾಗ ಟಾರ್ಚ್ ಬಿಟ್ಟಾಂವನೂ ಅಂಜಲಾರದ ಫೋನ್ ಮಾಡ್ತಾನ."