ಇಬ್ಬರು ಹಿಡಿಯುವ ಗೂಟ

ನಮ್ಮ ಶೋಭಾಳ ಮದುವೆ ಗೊತ್ತಾಯಿತು! ಬೆಳಿಗ್ಗೆ ತಾಳವಾಡಿಯಿಂದ ಮಗ ಫೋನು ಮಾಡಿ, "ಅವ್ವಾ, ಗಂಡಿನೋರು ಒಪ್ಕಂಡ್ರು, ಕಲ್ಲು ತೊಳ್ಸು" ಅಂದ. ಅಷ್ಟೇ ಸಾಕಾಯಿತು. ಮೊಬೈಲನ್ನು ಸೊಸೆಯ ಕೈಗೆ ಕೊಟ್ಟವಳೇ ಬೀದಿಗೆ ಓಡಿದೆ. ಹಾಲು ಕೊಂಡು ಹೋಗುತ್ತಿದ್ದವರಿಗೆ, ಬಸ್ಸಿಗೆ ನಿಂತಿದ್ದವರಿಗೆ, ಕೊನೆಗೆ ಕಟ್ಟಿ ಹಾಕಿದ್ದ ಎಮ್ಮೆಗೂ ಹೇಳಿ ಬಂದೆ. ನಾನೇ ಎತ್ತಿ ಆಡಿಸಿದ ಮೊಮ್ಮಗಳು. ಕಣ್ಣು ಮಂಜಾಗುವ ಮೊದಲೇ ಅವಳ ಧಾರೆ ನೋಡುತ್ತೇನಲ್ಲ, ಇನ್ನೇನು ಬೇಕು! ಹೆಣ್ಣಿನ ಮದುವೆ ಗೊತ್ತಾದ ದಿನ ಮಿಲ್ಲಿನ ಹಿಟ್ಟು ಮುಟ್ಟದೆ, ಮನೆಯ ಕಲ್ಲಿನಲ್ಲೇ ರಾಗಿ ಬೀಸಿ, ಆ ಮುದ್ದೆಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವುದು ನಮ್ಮ ಮನೆಯ ಪದ್ಧತಿ. ಹಿತ್ತಿಲ ಮೂಲೆಯ ರಾಗಿಕಲ್ಲನ್ನು ಎಳೆಸಿ, ತೊಳೆಸಿ, ಒಣಗಿದ ಮೇಲೆ ಒಂದು ಹಿಡಿ ರಾಗಿ ಹಾಕಿ ತಿರುವಿದೆ. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಅಲ್ಲಿಗೆ ನನ್ನ ಕುಣಿತವೆಲ್ಲ ನಿಂತುಹೋಯಿತು. ನನ್ನಪ್ಪ ಬಂದು ಎದುರಿಗೆ ನಿಂತ ಹಾಗಾಯಿತು.

ಅಪ್ಪ ಘಾಟಿಯ ಕೆಳಗೆ, ಸತ್ಯಮಂಗಲದ ಒಂದು ವರ್ಕ್‌ಶಾಪಿನಲ್ಲಿ, ಲೇತ್ ಮಿಷಿನ್ನಿನಲ್ಲಿ ಕಬ್ಬಿಣ ಕಡೆಯುವ ಕೆಲಸಕ್ಕಿದ್ದ. ಶನಿವಾರ ಬಸ್ಸು ಹತ್ತಿ, ಘಾಟಿಯ ತುದಿಯ ದಿಂಬಂನಲ್ಲಿ ಒಂದು ಟೀ ಕುಡಿದು, ಸಂಜೆಗೆ ಪಣಕಹಳ್ಳಿಯ ಮನೆ ಸೇರುತ್ತಿದ್ದ. ಅವನ ಅಂಗಿಯಲ್ಲಿ ಎಣ್ಣೆಯ ವಾಸನೆ, ಕಾದ ಕಬ್ಬಿಣದ ವಾಸನೆ. ಬೆರಳ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ವಾರವೆಲ್ಲ ದುಡಿದು ಬಂದರೂ ಭಾನುವಾರ ಆ ಕೈ ಸುಮ್ಮನಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಿರುಗುಟ್ಟುವ ಬಾಗಿಲೇ ಇರಲಿಲ್ಲ. ನನಗೆ ಗಾಲಿಯ ಮೇಲೆ ಓಡುವ ಮರದ ಎತ್ತು, ಅವ್ವನಿಗೆ ಗಾಳಿಗೆ ಆರದ ಬುಡ್ಡಿದೀಪ. ಮಾಡಿದ್ದನ್ನು ಏನೂ ಹೇಳದೆ ಮುಂದಿಟ್ಟು, ದೂರ ಸರಿದು ನಿಂತು ನಮ್ಮ ಮುಖ ನೋಡುತ್ತಿದ್ದ. ಆ ನೋಟಕ್ಕಾಗಿಯೇ ಮಾಡುತ್ತಿದ್ದನೋ ಏನೋ.

ಆಗ ಊರಿಗೆ ಮಿಲ್ಲು ಬಂದಿರಲಿಲ್ಲ. ರಾಗಿಕಲ್ಲಿಗೆ ಇಬ್ಬರು ಬೇಕಿತ್ತು. ಅವ್ವ ಒಂದು ಕಡೆ, ಎದುರಿಗೆ ಪಕ್ಕದ ಮನೆಯ ಕೆಂಪಮ್ಮತ್ತೆ. ಒಂದೇ ಗೂಟದ ಮೇಲೆ ಇಬ್ಬರ ಕೈ, ಒಂದರ ಮೇಲೊಂದು. ಇವತ್ತು ನಮ್ಮ ರಾಗಿಯಾದರೆ ನಾಳೆ ಅದೇ ಕಲ್ಲಿನಲ್ಲಿ ಅವರದು. ಅವ್ವ ಪದದ ಒಂದು ಸಾಲು ಹೇಳಿದರೆ ಮರುಸಾಲು ಕೆಂಪಮ್ಮತ್ತೆಯದು. ನಡುನಡುವೆ ಊರ ಸುದ್ದಿ, ಗಂಡಂದಿರ ಗೇಲಿ. ಅಪ್ಪನಿಗೆ ಬೀದಿಯ ತಿರುವಿಗೇ ಅದು ಕೇಳಿಸುತ್ತಿತ್ತಂತೆ. "ನಿಮ್ಮವ್ವನ ದನಿ ಕಿವಿಗ್ ಬಿತ್ತು ಅಂದ್ರೆ ನಾನು ಮನೆ ಸೇರ್ದಂಗೆಯ" ಎನ್ನುತ್ತಿದ್ದ. ಆದರೆ ಹತ್ತಿರ ಬಂದಾಗ ಅವನ ಕಣ್ಣಿಗೆ ಬೀಳುತ್ತಿದ್ದುದು ಅವ್ವನ ಅಂಗೈಯ ಬೊಬ್ಬೆ.

ಒಂದು ಭಾನುವಾರ ಅಪ್ಪ ಮೇಲಿನ ಕಲ್ಲನ್ನು ಎತ್ತಿ, ನಡುವಿನ ಮೊಳೆಯ ತಲೆಗೆ ಬೇರಿಂಗಿನ ಉಕ್ಕಿನ ಗುಂಡೊಂದನ್ನು ಕೂರಿಸಿದ. ಹಳೆಯ ಗೂಟ ಕಿತ್ತು, ತಾನೇ ಕಡೆದು ತಂದಿದ್ದ ಹೊಸದನ್ನು ಹಾಕಿದ. ನುಣ್ಣಗಿನ, ಗಿಡ್ಡನೆಯ, ಒಂದೇ ಮುಷ್ಟಿಯ ಗೂಟ. ಅವ್ವ ಮುಟ್ಟಿದಳೋ ಇಲ್ಲವೋ ಕಲ್ಲು ಓಡಿತು. ಅವಳ ಮುಖ ಅರಳಿದ್ದನ್ನು ಅಪ್ಪ ದೂರ ನಿಂತು ನೋಡಿದ. ಮೊರದಲ್ಲಿ ರಾಗಿ ಹಿಡಿದು ಬಂದ ಕೆಂಪಮ್ಮತ್ತೆ ಹೊಸ್ತಿಲಲ್ಲೇ ನಿಂತಳು. "ಅಯ್ ಬುಡಮ್ಮಿ, ನಿನ್ ಗಂಡ ಕಲ್ಗೂ ಕಾಲ್ ಕೊಟ್ಬುಟ್ಟವ್ನೆ. ಇನ್ನು ನಾನ್ಯಾಕೆ ನಿಂಗೆ?" ಎಂದು ನಕ್ಕಳು. ನಗುತ್ತಲೇ ತಿರುಗಿ ಹೋದವಳು ಮತ್ತೆ ಬರಲಿಲ್ಲ. ಅವ್ವ ಕರೆಯಲು ಹೋದರೆ, "ನಾನ್ ಕೈ ಕೊಡ್ದೆ ನಿನ್ ಕಲ್ಲಲ್ಲಿ ಬೀಸ್ಕಂಡು ಓಗಾಕೆ ನಾನೇನ್ ತಿರ್ಕಂಡ್ ತಿನ್ನೋಳಾ?" ಎಂದಳಂತೆ.

ಮನೆ ಮೂಗಾಯಿತು. ಕೆಲವು ವಾರ ಕಳೆದ ಮೇಲೊಂದು ಶನಿವಾರ ಅಪ್ಪ ಚೀಲ ಇಳಿಸದೆ ಅಂಗಳದಲ್ಲೇ ನಿಂತ. ಒಳಗೆ ಬರೀ ಕಲ್ಲು ಓಡುವ ಸದ್ದು.

"ಯಾಕಮ್ಮಿ, ಪದ ಯೋಳ್ದೆ ಬೀಸ್ತಿದ್ದಿಯೆ?"

"ಮರುಸಾಲ್ ಯೋಳೋರು ಎಲ್ಲವ್ರೆ? ಗ್ವಾಡೆಗ್ ಯೋಳ್ಲಾ?"

ಅವ್ವ ಸಿಟ್ಟಿನಿಂದ ಹೇಳಲಿಲ್ಲ. ಹಿಟ್ಟು ಬಳಿಯುತ್ತಾ ಹೇಳಿದಳು. ಅಪ್ಪ ಬಗ್ಗಿ ಆ ಗಿಡ್ಡ ಗೂಟದ ಮೇಲೆ ತನ್ನ ಎರಡೂ ಕೈ ಇಟ್ಟು ನೋಡಿದ, ಒಂದಕ್ಕಷ್ಟೇ ಜಾಗವಿತ್ತು. ಮುಂದಿನ ವಾರ ಉದ್ದನೆಯ ಗೂಟ ಕಡೆದು ತಂದ, ಇಬ್ಬರ ಕೈ ಹಿಡಿಸುವಂಥದ್ದು. ಉಕ್ಕಿನ ಗುಂಡು ತೆಗೆದು ಕಲ್ಲನ್ನು ಮೊದಲಿನ ಹಾಗೆ ಭಾರ ಮಾಡಿ, ಎಲೆ ಅಡಿಕೆ ಹಿಡಿದು ಕೆಂಪಮ್ಮತ್ತೆಯ ಮನೆಗೆ ಹೋದ. ಬಾಗಿಲಿಗೆ ಬೀಗ. ಮಗಳ ಬಾಣಂತನಕ್ಕೆಂದು ಅವಳು ತಾಳಮಲೆಗೆ ಹೋಗಿದ್ದಳು. ಅಲ್ಲೇ ಜ್ವರ ಹಿಡಿಯಿತು. ಅಲ್ಲೇ ಮಣ್ಣಾದಳು.

ಸುದ್ದಿ ಬಂದ ವಾರ ಅಪ್ಪ ತಾನೇ ಕೆಂಪಮ್ಮತ್ತೆಯ ಜಾಗದಲ್ಲಿ ಕಾಲು ಚಾಚಿ ಕೂತ. ಗಂಡಸು ರಾಗಿ ಬೀಸುವುದೆಂದರೆ ಬೀದಿಯೇ ನಗುವ ಕಾಲ. "ಏನಣ್ಣೋ, ಸೀರೆನೂ ಉಟ್ಕಂಡಿಯಾ?" ಎಂದು ಯಾರೋ ಬೇಲಿಯಾಚೆಯಿಂದ ಕೂಗಿದರು. "ನಿನ್ ಎಡ್ತಿದ್ ಒಂದ್ ಕೊಡು ಕಣ್ಲಾ, ಉಟ್ಕತೀನಿ" ಎಂದ ಅಪ್ಪ. ಅವ್ವ ನಕ್ಕು, ಒಂದು ಸಾಲು ಎತ್ತಿದಳು. ಮರುಸಾಲು ಅವನಿಗೆಲ್ಲಿ ಬರಬೇಕು? ಮಿಷಿನ್ನಿನ ಹಾಗೆ ಸುಮ್ಮನೆ ಗುಂಯ್ ಅಂದ. ಅವ್ವನ ನಗು ಅರ್ಧಕ್ಕೇ ಅಳುವಾಗಿ, ಮುಖದ ಮೇಲೆ ಸೆರಗೆಳೆದುಕೊಂಡಳು. ಅದಾದ ಮೇಲೆ ಅವಳ ಬಾಯಲ್ಲಿ ಪದ ಕೇಳಿದವರಿಲ್ಲ. ಅಪ್ಪನೂ ಮನೆಗೆಂದು ಇನ್ನೇನೂ ಮಾಡಲಿಲ್ಲ. ಭಾನುವಾರ ಜಗಲಿಯಲ್ಲಿ ಕೈ ಕಟ್ಟಿ ಕೂತಿರುತ್ತಿದ್ದ. ಒಂದು ದಿನ ಮಿಷಿನ್ ಪಕ್ಕದಲ್ಲೇ ಎದೆ ಹಿಡಿದು ಕುಸಿದನಂತೆ. ಘಾಟಿ ಹತ್ತಿಸಿ ಅವನನ್ನು ತಂದಾಗ ಬೆರಳ ಸಂದಿಯ ಕಪ್ಪು ಹಾಗೇ ಇತ್ತು. ಅವ್ವನೂ ಹೋದಳು. ಆ ಮನೆಯಿದ್ದ ಕಡೆ ಈಗ ಜೋಳ ಬೆಳೆದಿದ್ದಾರೆ. ನನ್ನನ್ನು ಇದೇ ಊರಿಗೆ ಕೊಟ್ಟಿದ್ದರಿಂದ ಈ ಕಲ್ಲೊಂದು ನನ್ನ ಪಾಲಿಗೆ ಬಂತು.

ಇವತ್ತು ಮಧ್ಯಾಹ್ನ ಶೋಭಾಳನ್ನು ಎದುರಿಗೆ ಕೂರಿಸಿಕೊಂಡೆ. ಅಪ್ಪ ಕಡೆದ ಉದ್ದನೆಯ ಗೂಟದ ಮೇಲೆ ನನ್ನ ಕೈ, ಅದರ ಮೇಲೆ ಅವಳದು. "ಒಂದ್ ಪದ ಯೋಳಜ್ಜಿ" ಎಂದಳು. ಅವ್ವನ ಸಾಲು ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ. ಕಲ್ಲು ಒಂದು ಸುತ್ತು ಸುಮ್ಮನೆ ತಿರುಗಿತು.

"ಆಮೇಲೆ?"

"ಆಮೇಲಿಂದು ಕೆಂಪಮ್ಮತ್ತೆದು ಕಣವ್ವ. ನಂಗ್ ಬರಾಕಿಲ್ಲ."

ಚಿಕ್ಕವಳಿದ್ದಾಗ ಅವ್ವನ ಬೆನ್ನಿಗೇ ಒರಗಿ ಕೂತಿರುತ್ತಿದ್ದೆ. ಅವ್ವನ ಸಾಲುಗಳೆಲ್ಲ ನನ್ನಲ್ಲಿವೆ, ಎದುರಿನ ಸಾಲು ಒಂದೂ ಇಲ್ಲ. ಕೇಳೋಣವೆಂದರೆ ಆ ಕಾಲದವರು ಊರಿನಲ್ಲಿ ಯಾರೂ ಉಳಿದಿಲ್ಲ.

ಸಂಜೆ ಮಗ ಬಂದ. ಮನೆಮಂದಿಯೆಲ್ಲ ನಡುಮನೆಯಲ್ಲಿ ಸಾಲಾಗಿ ಕೂತೆವು. ಬಿಸಿ ಮುದ್ದೆ, ಅವರೆಕಾಳಿನ ಸಾರು. "ಮಿಲ್ ಇಟ್ಟಿಗೆ ಈ ರುಚಿ ಎಲ್ಲಿ ಬತ್ತದೆ?" ಎಂದು ಮಗ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಸೊಸೆ ಶೋಭಾಳನ್ನು ಗಂಡಿನ ಹೆಸರು ಹೇಳೆಂದು ಕಾಡಿದಳು, ಎಲ್ಲರೂ ನಕ್ಕರು, ನಾನೂ ನಕ್ಕೆ. ತುತ್ತಿನ ನಡುವೆ ಶೋಭಾ ತನ್ನಷ್ಟಕ್ಕೇ ಅವ್ವನ ಸಾಲನ್ನು ಗುನುಗುತ್ತಿದ್ದಳು. ಮುಗಿದ ಕಡೆ ಒಂದು ಗಳಿಗೆ ನಿಲ್ಲಿಸಿ, ಮತ್ತೆ ಅದನ್ನೇ ಮೊದಲಿನಿಂದ ಎತ್ತಿಕೊಳ್ಳುತ್ತಿದ್ದಳು.