ಆನ್ಸಿಲ್ಲಾ ಬಾಯಿಯ ಮರೆವಿಗೆ ತಿಮರೆ ಸೊಪ್ಪು

‘ಯೂಸರ್ ಮಿಸ್ಟೇಕ್.’ ಕಂಪ್ಯೂಟರ್ ನೋಡಲೆಂದು ಮಣಿಪಾಲದಿಂದ ಬಂದ ಬ್ರ್ಯಾಂಡನ್ ಚೀಟಿಯಲ್ಲಿ ಬರೆದದ್ದು ಇಷ್ಟೇ. ಬರೆದು, ಕೆಳಗೆ ಸಹಿ ಗೀಚಿ, ಆನ್ಸಿಲ್ಲಾ ಬಾಯಿ ತರಿಸಿಕೊಟ್ಟ ಚಹಾವನ್ನೇ ಕುಡಿದು, ಅವರ ಮುಖ ಕೂಡ ನೋಡದೆ ಬೈಕ್ ಹತ್ತಿ ಹೋದ. ಎಲ್ಲ ಸರಿ ಉಂಟಂತೆ. ಮೇಲ್ ಹೋಗುತ್ತದೆ, ಫೈಲ್ ಹೋಗುತ್ತದೆ, ಸಿಗ್ನಲ್ ಉಂಟು. ಸರಿ ಇಲ್ಲದ್ದು ಕುರ್ಚಿಯಲ್ಲಿ ಕೂತ ಹೆಂಗಸು ಮಾತ್ರ! ಬಾಯಿಗೆ ಮೈಯೆಲ್ಲ ಉರಿದುಹೋಯಿತು. ಚೀಟಿಯನ್ನು ಹರಿದು ಎಸೆಯಬೇಕು ಅನ್ನಿಸಿದರೂ ಎಸೆಯದೆ ಮೇಜಿನ ಗಾಜಿನ ಅಡಿಗೆ ಸಿಕ್ಕಿಸಿ ಇಟ್ಟರು. ದಿನಾ ನೋಡಿ ದಿನಾ ಉರಿಯಬೇಕಲ್ಲ, ಅದಕ್ಕೆ.

ಬಾಯಿ ಕೆಲಸ ಮಾಡುವುದು ಕಾಪು ಪೇಟೆಯ ಒಂದು ಕೇಟರಿಂಗ್ ಆಫೀಸಿನಲ್ಲಿ. ಮದುವೆ, ನಿಶ್ಚಿತಾರ್ಥ, ಸತ್ತವರ ಬೊಜ್ಜದ ಊಟ, ಯಾವುದೇ ಇರಲಿ, ಆರ್ಡರ್ ಹಿಡಿಯುವುದು ಇಲ್ಲಿ, ಅಡುಗೆ ಆಗುವುದು ಕಾರ್ಕಳದಲ್ಲಿ. ಈಗಿನ ಯಜಮಾನ ಸುಕೇಶನ ಅಪ್ಪ ಇದ್ದ ಕಾಲದಲ್ಲಿ ಬಾಯಿ ಇಲ್ಲಿಗೆ ಸೇರಿದ್ದು, ಆಗ ಸುಕೇಶ ಇನ್ನೂ ಚಡ್ಡಿ ಹಾಕುವ ಹುಡುಗ. ಅಂದಿನಿಂದ ಇಂದಿನವರೆಗೆ ಯಾರ ಮನೆಯ ಸಾರಿಗೆ ಬೆಳ್ಳುಳ್ಳಿ ಆಗುವುದಿಲ್ಲ, ಯಾರ ಮನೆಯಲ್ಲಿ ಮಟ್ಟುಗುಳ್ಳ ಬದನೆಯ ಹುಳಿ ಇಲ್ಲದಿದ್ದರೆ ಅಜ್ಜ ಎಲೆಯ ಮುಂದೆ ಕೂರುವುದಿಲ್ಲ, ಎಲ್ಲವೂ ಅವರ ತಲೆಯಲ್ಲಿ ಇತ್ತು. ಆ ತಲೆಯ ಮೇಲೆ ಅವರಿಗೆ ಭಾರೀ ಹೆಮ್ಮೆ. ಇರಬೇಡವೇ ಮತ್ತೆ? ಗಂಡ ಹೋದ ಮೇಲೆ ಮಗನನ್ನು ಸಾಕಿ, ಓದಿಸಿ, ಮದುವೆ ಮಾಡಿಸಿದ್ದು ಅದೇ ತಲೆಯಿಂದ.

ಕಂಪ್ಯೂಟರ್ ಬಂದಾಗಲೂ ಬಾಯಿ ಹೆದರಲಿಲ್ಲ. ಆರ್ಡರಿನ ಹಾಳೆಯನ್ನು ಟೈಪ್ ಮಾಡಿ ಒಂದು ಫೋಲ್ಡರಿಗೆ ಹಾಕಿದರೆ ಅದು ತನ್ನಿಂದ ತಾನೇ ಕಾರ್ಕಳದ ಕಂಪ್ಯೂಟರಿನಲ್ಲೂ ಕಾಣಿಸುತ್ತದೆ. ಜೊತೆಗೆ ಒಂದು ಮೇಲ್ ಹಾಕುವುದು. ಕಾರ್ಕಳದ ಹಿರಿಯ ಅಡುಗೆಯವನು ಬೂಬಣ್ಣ ಬೆಳಗಿನ ಜಾವ ಬಂದು ಹಾಳೆಯನ್ನು ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಒಲೆ ಹಚ್ಚುತ್ತಾನೆ. ವಾಟ್ಸಾಪಿನಲ್ಲಿ ಆರ್ಡರ್ ಕಳಿಸಬಾರದು, ಫೋನಿನಲ್ಲಿ ಹೇಳಬಾರದು, ಎಲ್ಲ ಸಿಸ್ಟಮಿನಲ್ಲೇ ಬರಬೇಕು ಎಂದು ಸುಕೇಶ ಕಟ್ಟಪ್ಪಣೆ ಮಾಡಿದ್ದ. ಎರಡು ವರ್ಷ ಎಲ್ಲವೂ ಸುಸೂತ್ರವಾಗಿಯೇ ನಡೆಯಿತು.

ಕಿರಿಕಿರಿ ಶುರುವಾದದ್ದು ಈ ಏಪ್ರಿಲಿನಲ್ಲಿ. ಸಂಜೆ ಬಾಯಿ ತಿದ್ದಿ ಹಾಕಿದ ಹಾಳೆ ಕಾರ್ಕಳಕ್ಕೆ ಹೋಗಿರುವುದಿಲ್ಲ. ಒಂದು ದಿನ ಹೋಗುತ್ತದೆ, ಒಂದು ದಿನ ಹೋಗುವುದಿಲ್ಲ. ಹೋಗದ ದಿನ ಬೆಳಿಗ್ಗೆ ಬೂಬಣ್ಣನ ಫೋನು: “ಬಾಯಮ್ಮ, ನೀವು ನಿನ್ನೆ ಎಂತದೂ ಹಾಕಲೇ ಇಲ್ವಲ್ಲ?” ಬಾಯಿ ಗಾಬರಿಯಾಗಿ ಕಂಪ್ಯೂಟರ್ ಹಾಕಿ ನೋಡಿದರೆ ಮೇಲ್ ಹೋಗಿಯೇ ಇರುತ್ತದೆ, ಫೈಲೂ ಇರುತ್ತದೆ. ಹೋದ ಸಮಯ ಮಾತ್ರ ನಿನ್ನೆ ಸಂಜೆಯದಲ್ಲ, ಇವತ್ತು ಬೆಳಿಗ್ಗೆ ಅವರು ಬಂದು ಕಂಪ್ಯೂಟರ್ ಹಾಕಿದ ಮೇಲಿನದು! ಇನ್ನು ಸುಕೇಶನ ಹತ್ತಿರ ಹೇಗೆ ವಾದಿಸುವುದು? “ಬಾಯಿ, ನೀವು ಬೆಳಿಗ್ಗೆ ಬಂದು ಕಳಿಸಿದ್ದಲ್ವಾ? ಇಲ್ಲೇ ತೋರಿಸ್ತಾ ಉಂಟು. ಮತ್ತೆ ನಿನ್ನೆ ಕಳಿಸಿದೆ ಅಂತ ಯಾಕೆ ಹೇಳುದು?” ಎಂದು ಅವನು ಫೋನನ್ನು ಅವರ ಮೂಗಿನ ಹತ್ತಿರ ಹಿಡಿದ. ಬಾಯಿ ಸುಳ್ಳು ಹೇಳುವವರಲ್ಲ ಎಂದು ಅವನಿಗೂ ಗೊತ್ತು. ಹಾಗಾದರೆ ಉಳಿದದ್ದು ಒಂದೇ. ಬಾಯಿಗೆ ಮರೆವು.

ಪೆರ್ಡೂರಿನ ನಿಶ್ಚಿತಾರ್ಥದಲ್ಲಿ ಮಾನ ಪೂರ್ತಿ ಹೋಯಿತು. ಗಂಡಿನ ಮನೆಯಲ್ಲಿ ದೈವದ ನೇಮ ಇಟ್ಟುಕೊಂಡಿದ್ದರು, ಅದು ಮುಗಿಯುವವರೆಗೆ ಮೀನು ಮಾಂಸ ಮುಟ್ಟುವಂತಿಲ್ಲ. ಹೆಣ್ಣಿನ ಅಪ್ಪ ಹಿಂದಿನ ಸಂಜೆ ಓಡಿ ಬಂದು, “ಬಾಯಮ್ಮ, ಪೂರ್ತಿ ಸಸ್ಯಾಹಾರ ಮಾಡಿಸಿ, ನಮ್ಮ ಮರ್ಯಾದೆ ನಿಮ್ಮ ಕೈಯಲ್ಲಿ ಉಂಟು” ಎಂದು ಹೇಳಿ ಹೋಗಿದ್ದರು. ಬಾಯಿ ಅವರ ಎದುರೇ ಟೈಪ್ ಮಾಡಿ ಕಳಿಸಿದ್ದರು. ಮರುದಿನ ಕಾರ್ಕಳದ ವ್ಯಾನಿನಿಂದ ಇಳಿದದ್ದು ಮೊದಲಿನ ಹಾಳೆಯಲ್ಲಿದ್ದ ಕೋಳಿಯ ಕೋರಿ ಸುಕ್ಕ, ನೀರುದೋಸೆ, ಬಂಗುಡೆ ಮೀನಿನ ಪುಳಿಮುಂಚಿ! ಗಂಡಿನ ಕಡೆಯವರು ಮೂಗು ಮುಚ್ಚಿಕೊಂಡು ಎದ್ದುಹೋಗಿ ಕಾರಿನಲ್ಲಿ ಕೂತರಂತೆ.

ಅಂದು ಸಂಜೆ ಸುಕೇಶ ಕೂಗಾಡಲಿಲ್ಲ. ಕೂಗಾಡಿದ್ದರೆ ಬಾಯಿಯೂ ಕೂಗಾಡುತ್ತಿದ್ದರು. ಅವನು ಕುರ್ಚಿ ಎಳೆದು ಕೂತು, ಬಹಳ ಮೆತ್ತಗೆ, “ಬಾಯಿ, ಬೇಜಾರು ಮಾಡಬೇಡಿ. ನಿಮ್ಮ ಅಮ್ಮನಿಗೂ ಹೀಗೇ ಅಲ್ವಾ ಶುರುವಾದದ್ದು? ಜೂನಿನಿಂದ ಉಡುಪಿಯ ಒಬ್ಬಳು ಹುಡುಗಿ ಬರ್ತಾಳೆ. ನೀವು ಆರಾಮಲ್ಲಿ ಫೋನು ನೋಡಿಕೊಂಡಿರಿ, ಸಾಕು” ಎಂದ.

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. ಬಾಯಿಯ ಅಮ್ಮ ತೆರೆಸಾ ಕೊನೆಯ ವರ್ಷಗಳಲ್ಲಿ ಚಹಾಕ್ಕೆ ಉಪ್ಪು ಹಾಕುತ್ತಿದ್ದರು. ಗ್ಯಾಸ್ ತೆರೆದು ಬೆಂಕಿ ಹಚ್ಚಲು ಮರೆತು ಅಂಗಳಕ್ಕೆ ಹೋಗಿ ಕೂತಿರುತ್ತಿದ್ದರು. ಕೊನೆಗೆ ಸ್ವಂತ ಮಗಳನ್ನೇ, “ನೀನು ಯಾರಮ್ಮಾ, ಒಳ್ಳೆಯವಳು” ಎಂದು ಕೇಳುತ್ತಿದ್ದರು. ಅವರನ್ನು ಮೀಯಿಸಿ, ಉಣಿಸಿ, ಕಳಿಸಿಕೊಟ್ಟದ್ದು ಬಾಯಿಯೇ. ಆ ದಾರಿ ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಟ್ಟುವಿನಲ್ಲಿರುವ ಬಾಯಿಯ ಮನೆಗೂ ಸುದ್ದಿ ಮುಟ್ಟಿತು. ಸೊಸೆ ಮೆಲಿಷಾ ಒಳ್ಳೆಯವಳು, ಒಂದು ಮಾತು ಆಡಿದವಳಲ್ಲ. ಆದರೆ ಬಾಯಿ ಒಲೆ ಆರಿಸಿ ಈಚೆ ಬಂದರೆ ಅವಳು ಏನೋ ನೆಪ ಮಾಡಿ ಒಳಗೆ ಹೋಗಿ ಗ್ಯಾಸಿನ ಕಿವಿ ತಿರುವಿ ನೋಡಿ ಬರುತ್ತಾಳೆ. ಬಾಯಿಗೆ ಅದು ಕಾಣಿಸದೇ? ಬೈಯಬೇಕೆಂದು ಬಾಯಿ ತೆರೆದದ್ದೂ ಇದೆ. ಆದರೆ ಆರಿಸಿದ್ದೇನೋ ಇಲ್ಲವೋ ಎಂದು ತಮಗೇ ಖಾತ್ರಿ ಇಲ್ಲದಿದ್ದರೆ ಯಾವ ಬಾಯಿಯಿಂದ ಬೈಯುವುದು?

ಆಫೀಸಿನಲ್ಲಿ ಅವರಿಗಾಗಿ ಮರುಗಿದವರು ಒಬ್ಬರೇ, ಸುಂದರಣ್ಣ. ಮಹಡಿಯ ಗೋದಾಮಿನಲ್ಲಿ ಪಾತ್ರೆ, ಕುರ್ಚಿ, ಶಾಮಿಯಾನ ಕಾಯುವ ಮುದುಕ. ಪೆರ್ಡೂರಿನ ರಾದ್ಧಾಂತ ಆದಂದಿನಿಂದ ಅವರು ತಪ್ಪದೆ ಒಂದು ಬಾಳೆಲೆಯ ಪೊಟ್ಟಣ ತಂದು ಮೇಜಿನ ಮೇಲೆ ಇಡುತ್ತಿದ್ದರು. ಒಳಗೆ ಗದ್ದೆಯ ಬದುವಿನಲ್ಲಿ ಬೆಳೆಯುವ ತಿಮರೆ ಸೊಪ್ಪು, ಘಟ್ಟದ ಮೇಲಿನವರು ಒಂದೆಲಗ ಅನ್ನುತ್ತಾರಲ್ಲ, ಅದು. “ಚಟ್ನಿ ಮಾಡಿ ತಿನ್ನಿ ಬಾಯಮ್ಮ. ತಲೆಗೆ ಇದರಷ್ಟು ಒಳ್ಳೆದು ಬೇರೆ ಇಲ್ಲ. ಮರೆವು ಎಲ್ಲರಿಗೂ ಬರ್ತದೆ.” ಬಾಯಿಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಆದರೂ ಮನೆಗೆ ಒಯ್ದು, ಕಾಯಿ ಹಾಕಿ ಅರೆದು, ಮೆಲಿಷಾ ನೋಡದ ಹಾಗೆ ತಿನ್ನುತ್ತಿದ್ದರು.

ಬ್ರ್ಯಾಂಡನ್ ಬಂದು ಚೀಟಿ ಬರೆದು ಹೋದದ್ದು ಒಂದು ಸೋಮವಾರ, ಬಿಸಿಲು ಕುದಿಯುವ ಬೆಳಿಗ್ಗೆ. ಅಂದು ಸಂಜೆ ಬಾಯಿ ಒಂದು ಹಟ ಹಿಡಿದರು. ಹಾಳೆ ಹಾಕಿಯಾಯಿತು, ಮೇಲ್ ಒತ್ತಿಯಾಯಿತು. ಆದರೆ ಕಂಪ್ಯೂಟರ್ ಆರಿಸಲಿಲ್ಲ, ಬಸ್ಸಿಗೂ ಹೋಗಲಿಲ್ಲ. ಸುಕೇಶನ ಕಟ್ಟಪ್ಪಣೆ ಹಾಳಾಗಿಹೋಗಲಿ ಎಂದು ಬೂಬಣ್ಣನಿಗೆ ಫೋನು ಮಾಡಿದರು.

“ಬಂತಾ?”

“ಇಲ್ಲ ಬಾಯಮ್ಮ.”

“ಸರಿ ನೋಡು ಮಾರಾಯ, ಕಣ್ಣು ಬಿಟ್ಟು ನೋಡು.”

“ನೋಡ್ತಾ ಇದ್ದೇನೆ. ಬರಲಿಲ್ಲ.”

ಬಾಯಿ ಪರದೆಯನ್ನೇ ದುರುಗುಟ್ಟಿ ನೋಡಿದರು. ಕಳಿಸಿದ್ದೇನೆ. ಈಗ ತಾನೇ, ಈ ಬೆರಳಿನಿಂದ, ಈ ಕುರ್ಚಿಯಲ್ಲಿ ಕೂತು ಕಳಿಸಿದ್ದೇನೆ. ನನಗೆ ಮರೆತಿಲ್ಲ! ಹೊರಗೆ ಮೂಡಣದ ಕಡೆ, ಕಾರ್ಕಳದ ಮೇಲೆ, ಕಪ್ಪು ಮೋಡ ಕಟ್ಟಿ ಗುಡುಗು ಶುರುವಾಗಿತ್ತು. ಪರದೆಯ ಮೂಲೆಯ ಪುಟ್ಟ ನೆಟ್ ಗುರುತಿನ ಮೇಲೆ ಒಂದು ಗೀಟು ಬಿದ್ದಿತ್ತು. ಅದನ್ನು ಇಷ್ಟು ದಿನ ಅವರು ನೋಡಿಯೇ ಇರಲಿಲ್ಲ. ನೆಟ್ ಡಬ್ಬಿ ಇರುವುದು ಮಹಡಿಯಲ್ಲಿ, ಕೇಬಲ್ ಒಳಗೆ ಬರುವ ಕಿಟಕಿಯ ಹತ್ತಿರ. ಬಾಯಿ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದರು.

ಗೋದಾಮಿನಲ್ಲಿ ಸುಂದರಣ್ಣ ಅಕ್ಕಿ ಮೂಟೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಒಂದು ಗಂಟು. ತಮ್ಮ ಬೈರಾಸಿನಲ್ಲಿ, ಮೈ ಒರೆಸುವ ಅದೇ ಬೈರಾಸಿನಲ್ಲಿ, ಬೆಚ್ಚಗೆ ಸುತ್ತಿದ ಗಂಟು. ಹೊರಗೆ ಹಲ್ಲಿಯ ಬಾಲದ ಹಾಗೆ ಒಂದು ವೈರಿನ ತುದಿ ಇಣುಕುತ್ತಿತ್ತು.

“ಎಂತ ಅದು ಸುಂದರಣ್ಣ?”

“ನೆಟ್ ಡಬ್ಬಿಯಂತೆ ಬಾಯಮ್ಮ, ಕಳ್ಳರನ್ನು ಹಿಡಿಯುವ ಕೆಮರಾ ಉಂಟಲ್ಲ, ಅದರದ್ದು. ಹೋದ ವರ್ಷ ಸಿಡಿಲಿಗೆ ಸುಟ್ಟುಹೋಯ್ತಲ್ವಾ? ಸುಕೇಶಣ್ಣ ಹೇಳಿದ್ದಾರೆ, ಈ ಸಲ ಮೋಡ ಕಂಡ ಕೂಡಲೇ ವೈರು ತೆಗಿ, ಬೆಳಿಗ್ಗೆ ಸಿಕ್ಕಿಸು ಅಂತ. ನಾನು ಒಂದು ದಿನ ತಪ್ಪಿಸಲಿಲ್ಲ ನೋಡಿ. ಇದಕ್ಕೆ ಒಂದು ಗಾಯ ಆಗಲಿಲ್ಲ.”

ಬಾಯಿಗೆ ನಗಬೇಕೋ, ಆ ಗಂಟನ್ನು ಕಿಟಕಿಯಿಂದ ಹೊರಗೆ ಎಸೆಯಬೇಕೋ ತಿಳಿಯಲಿಲ್ಲ. ಮೋಡ ಕಂಡ ದಿನ ವೈರು ಹೊರಗೆ, ಬಾಯಿಯ ಮೇಲ್ ಕಂಪ್ಯೂಟರಿನ ಒಳಗೇ. ಬೆಳಿಗ್ಗೆ ವೈರು ಒಳಗೆ, ಕಂಪ್ಯೂಟರ್ ಹಾಕಿದ ಕೂಡಲೇ ಮೇಲ್ ಕಾರ್ಕಳಕ್ಕೆ. ಬಿಸಿಲಲ್ಲಿ ಬಂದ ಬ್ರ್ಯಾಂಡನಿಗೆ ಎಲ್ಲವೂ ಸರಿ. ಇಷ್ಟೇ! ಇಷ್ಟಕ್ಕೆ ತಾನು ಕದ್ದು ಕದ್ದು ತಿಮರೆ ತಿಂದದ್ದು! ಅದೂ ಇದೇ ಪುಣ್ಯಾತ್ಮ ತಂದುಕೊಟ್ಟ ತಿಮರೆ!

ಸುಂದರಣ್ಣನಿಗೆ ಬೈಯಲು ಮನಸ್ಸು ಬರಲಿಲ್ಲ. ಹೇಳಿದ ಕೆಲಸ ಮಾಡಿದ ಮನುಷ್ಯ. ಬೈಯಬೇಕಾದವನ ಕಾರು ಆಗಲೇ ಕೆಳಗೆ ಬಂದು ನಿಂತಿತ್ತು. ಪಡುಬಿದ್ರಿಗೆ ಹೋಗಿದ್ದ ಸುಕೇಶ ಮದುವೆ ಮಂಟಪದ ಬೀಗದಕೈ ಒಯ್ಯಲು ಬಂದಿದ್ದ. ಬಾಯಿ ಗಂಟನ್ನು ಕಂಕುಳಲ್ಲಿ ಹಿಡಿದು ಇಳಿದು, ಅವನ ಮುಂದೆ ಮೇಜಿನ ಮೇಲೆ ಇಟ್ಟು, ಬಿಚ್ಚಿ, ವಿಷಯ ಹೇಳಿದರು.

ಸುಕೇಶ ನಕ್ಕುಬಿಟ್ಟ. “ಅಯ್ಯೋ ದೇವರೇ, ಇಷ್ಟೇನಾ! ಹೌದು, ನಾನೇ ಹೇಳಿದ್ದು. ಮರೆತೇ ಹೋಗಿತ್ತು ಮಾರಾಯ್ರೆ. ಸರಿ, ಪ್ರಾಬ್ಲಮ್ ಸಿಕ್ಕಿತಲ್ಲ, ಇನ್ನೆಂತ? ಟೆನ್ಶನ್ ಮಾಡಬೇಡಿ.”

ಮರೆತೇ ಹೋಗಿತ್ತಂತೆ! ಕೇಳಿದಿರಲ್ಲ?

“ಸುಕೇಶ, ಕೂತುಕೊ ಇಲ್ಲಿ” ಎಂದರು ಬಾಯಿ. ಅವನ ಅಪ್ಪ ತೀರಿಹೋದ ಮೇಲೆ ‘ಸರ್’ ಬಿಟ್ಟು ಬೇರೆ ಕರೆದಿರಲಿಲ್ಲ, ‘ನೀವು’ ಬಿಟ್ಟು ಬೇರೆ ಆಡಿರಲಿಲ್ಲ. ಸುಕೇಶನ ನಗು ನಿಂತಿತು. ಅವನು ಕೂತ.

“ಮರೆತದ್ದು ನೀನು. ಮರೆವಿನ ಹೆಸರು ನನಗೆ. ನಿನಗೆ ಮರೆತರೆ ನಗು ಬರ್ತದೆ, ನನಗೆ ಮರೆತರೆ ನನ್ನ ಅಮ್ಮನನ್ನು ಗುಂಡಿಯಿಂದ ಎಬ್ಬಿಸಿ ತರ್ತಿ ನೀನು! ನನ್ನ ಅಮ್ಮನ ಹೆಸರು ತೆಗೆಯಲಿಕ್ಕೆ ನೀನು ಯಾರು? ನಾನು ಎಷ್ಟು ದಿನ ಬೆಳಿಗ್ಗೆ ಎದ್ದು, ನನ್ನ ಹೆಸರು, ಮಗನ ಹೆಸರು, ಈ ಊರಿನ ಹೆಸರು, ಎಲ್ಲ ನೆನಪುಂಟಾ ಅಂತ ನನಗೆ ನಾನೇ ಕೇಳಿಕೊಂಡಿದ್ದೇನೆ, ಗೊತ್ತುಂಟಾ ನಿನಗೆ? ನಿನ್ನ ಡಬ್ಬಿಗೆ ಬೈರಾಸು ಸುತ್ತಿ ಕಾಯಲಿಕ್ಕೆ ಜನ ಉಂಟು. ನನ್ನನ್ನು ನಂಬಲಿಕ್ಕೆ ಒಬ್ಬ ಇರಲಿಲ್ಲ ಇಲ್ಲಿ!”

“ಬಾಯಿ, ನಾನು ಬೇಕಂತ ಮಾಡಿದ್ದಲ್ಲ...”

“ಬೇಕಂತ ಮಾಡಿದ್ದರೆ ಈ ಡಬ್ಬಿಯನ್ನು ನಿನ್ನ ತಲೆಗೇ ಹಾಕುತ್ತಿದ್ದೆ. ಫೋನು ತೆಗಿ. ಬೂಬನಿಗೆ ಹೇಳು. ಪೆರ್ಡೂರಿನವರಿಗೆ ಹೇಳು. ನನ್ನ ಎದುರೇ ಹೇಳು.” ಗಾಜಿನ ಅಡಿಯಿಂದ ಬ್ರ್ಯಾಂಡನ್ ಬರೆದ ಚೀಟಿ ಎಳೆದು ಅವನ ಮುಂದೆ ಇಟ್ಟರು. “ಇದನ್ನು ತಿಮರೆಯ ಜೊತೆ ಅರೆದು ಚಟ್ನಿ ಮಾಡಿ ನೀನೇ ತಿನ್ನು.”

ಸುಕೇಶ ಫೋನು ಮಾಡಿದ. ಪೆರ್ಡೂರಿನವರು ಪೂರ್ತಿ ಕೇಳದೆ ಇಟ್ಟುಬಿಟ್ಟರು. ಬೂಬಣ್ಣ ಮಾತ್ರ ಎಲ್ಲ ಕೇಳಿ, “ಹಾಗಾದರೆ ಬಾಯಮ್ಮನಿಗೆ ಮರೆವು ಇಲ್ವಾ?” ಎಂದು ಕೇಳಿದ. “ಇಲ್ಲ” ಎಂದ ಸುಕೇಶ. “ಜೋರು ಹೇಳು” ಎಂದರು ಬಾಯಿ. ಅವನು ಜೋರಾಗಿ ಹೇಳಿದ. ಉಡುಪಿಯ ಹುಡುಗಿ ಬರುವುದು ಬೇಡ ಎಂದೂ ಆಗಲೇ ಹೇಳಿದ. ಬಾಯಿ ಅದಕ್ಕೆ ಉಪಕಾರ ಹೇಳಲಿಲ್ಲ, ಚೀಲ ಎತ್ತಿಕೊಂಡು ಬಸ್ಸಿಗೆ ನಡೆದರು.

ಮನೆಗೆ ಬಂದವರೇ ಮೆಲಿಷಾಳನ್ನು ಕೂರಿಸಿ ಎಲ್ಲ ಹೇಳಿದರು. ಸುಕೇಶನ ಪೆಚ್ಚು ಮೋರೆ, ಸುಂದರಣ್ಣನ ಗಂಟು, ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳಿದರು. ಮೆಲಿಷಾ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡು, “ಮಾಂಯ್, ನನ್ನದೂ ತಪ್ಪಾಯ್ತು” ಎಂದಳು. ಬಾಯಿ ಮೀನಿನ ಸಾರು ಬಿಸಿ ಮಾಡಿ, ಒಲೆ ಆರಿಸಿ, ಈಚೆ ಬಂದರು. ಮೆಲಿಷಾ ಕೂತಲ್ಲಿಂದ ಏಳಲಿಲ್ಲ.

ಅತ್ತೆ ಸೊಸೆ ಮೊಣಕಾಲೂರಿ ರೋಜರಿ ಹೇಳತೊಡಗಿದರು. ಮೊದಲ ಸುತ್ತು ಮುಗಿಯುವ ಮುಂಚೆ ಬಾಯಿಯ ನಾಲಗೆ ತಡವರಿಸಿತು. ಗ್ಯಾಸ್ ಆರಿಸಿದ್ದೇನಲ್ಲ? ಆರಿಸಿದ್ದೇನೆ. ಇನ್ನೂ ಎರಡು ಮಣಿ ಜಾರಿದವು. ಬಾಯಿ ಎದ್ದು ಒಳಗೆ ಹೋದರು. ಗ್ಯಾಸಿನ ಕಿವಿ ಆರಿದ ಕಡೆಗೇ ತಿರುಗಿತ್ತು. ಅದನ್ನು ಕೈಯಿಂದ ಒತ್ತಿ ನೋಡಿ, “ನೀನು ಹಾಳಾಗಿಹೋಗು ಸುಕೇಶ” ಎಂದು ಬೈದು, ಬಂದು ಮತ್ತೆ ಮೊಣಕಾಲೂರಿದರು. ಮೆಲಿಷಾ ಕಣ್ಣು ಮುಚ್ಚಿಕೊಂಡೇ ಜಪ ಮುಂದುವರಿಸಿದಳು. ಎರಡನೆಯ ಸುತ್ತಿನ ನಡುವೆ ಬಾಯಿ ಮತ್ತೆ ಎದ್ದರು.