ಬಾಗಿಲಾಚೆಯ ಹೆಬ್ಬೆಟ್ಟು

ನಮ್ಮ ಯಜಮಾನರು ಮಧುಗಿರಿಯ ಕೋರ್ಟಿನ ಎದುರು ಹುಣಸೆಮರದ ಕೆಳಗೆ ಕೂತು ಪತ್ರ ಬರೆಯುತ್ತಿದ್ದರು. ಸಂಜೆ ನಮ್ಮ ಜಗಲಿಯ ಮೇಲೆ, ಕಾಮರ್ಸ್ ಪರೀಕ್ಷೆಗೆ ಓದುವ ನಾಲ್ಕೈದು ಜನಕ್ಕೆ ಕಾನೂನಿನ ಮಾತುಗಳ ಅರ್ಥ ಹೇಳಿಕೊಡುತ್ತಿದ್ದರು. ಅದಕ್ಕಾಗಿಯೇ ಊರವರಿಗೆಲ್ಲ ಅವರು ಮೇಷ್ಟ್ರು. ಅವರು ತೀರಿಕೊಂಡು ಮೂರು ತಿಂಗಳಾಯಿತು. ಪಾಠಕ್ಕೆಂದು ಬರೆದಿಟ್ಟುಕೊಂಡ ನೋಟುಬುಕ್ಕು ನನ್ನ ಹತ್ತಿರ ಇದೆ. ನಾನು ಓದಿರುವುದು ಕನ್ನಡ ನಾಲ್ಕನೆಯ ತರಗತಿ. ಆದರೂ ಆ ಪುಸ್ತಕ ನನಗೆ ಅರ್ಥವಾಗುತ್ತದೆ. ನನ್ನಂಥವರಿಗೂ ಅರ್ಥವಾಗಲಿ ಎಂದೇ ಅವರು ಬರೆದಿದ್ದರು.

‘ಪ್ರಸ್ತಾಪ: ಸಂತೆಯಲ್ಲಿ ಕಂಬಳಿ ಬಿಡಿಸಿ ತೋರಿಸಿದರೆ ಅದು ಪ್ರಸ್ತಾಪವಲ್ಲ. ಇದನ್ನು ನಿನಗೆ ಕೊಡುತ್ತೇನೆ ಎಂದರೆ ಪ್ರಸ್ತಾಪ.’ ‘ಅಂಗೀಕಾರ: ಹೂಂ ಎಂದರೆ ಅಂಗೀಕಾರ, ತಲೆಯಾಡಿಸಿದರೂ ಅಂಗೀಕಾರ. ಸುಮ್ಮನಿದ್ದರೆ ಅಲ್ಲ.’ ‘ಏಜೆಂಟ್: ನನ್ನ ಪರವಾಗಿ ಸಂತೆಗೆ ಹೋದವನು ಮಾಡಿದ ವ್ಯಾಪಾರ ನಾನೇ ಮಾಡಿದ ಹಾಗೆ.’ ಹೀಗೆ ಪುಟ ತುಂಬ. ‘ಸಾಕ್ಷಿ’ ಎಂಬ ಪುಟ ಮಾತ್ರ ಬೇರೆ ಮಸಿಯಲ್ಲಿದೆ. ಹಳೆಯ ಪುಟ ಹರಿದು ಹೊಸದನ್ನು ಅಂಟಿಸಿದ್ದಾರೆ. ಅದರಲ್ಲಿ ಹೀಗಿದೆ: ‘ಕೆಲಸ ನಡೆದದ್ದನ್ನು ಕಣ್ಣಾರೆ ಕಂಡು ರುಜು ಹಾಕಿದವನು ಸಾಕ್ಷಿ. ಬಾಗಿಲ ಹೊರಗೆ ಕೂತವನು ಸಾಕ್ಷಿಯಲ್ಲ, ಎಷ್ಟೇ ಒಳ್ಳೆಯವನಾಗಿರಲಿ.’

ಆ ಬಾಗಿಲು ಯಾವುದೆಂದು ನನಗೆ ಗೊತ್ತು.

ನನ್ನ ತಂಗಿಯನ್ನು ಶಿರಾದ ಕಂಬಳಿ ವ್ಯಾಪಾರದ ಮನೆಗೆ ಕೊಟ್ಟಿದ್ದೆವು. ಮದುವೆಯಾದ ನಾಲ್ಕನೆಯ ವರ್ಷವೇ ಅವಳ ಗಂಡ ಹೋದ. ಮಕ್ಕಳಿರಲಿಲ್ಲ. ಅತ್ತೆ ಸೊಸೆಯನ್ನು ತವರಿಗೆ ಕಳಿಸದೆ ಇಟ್ಟುಕೊಂಡರು. ಇಬ್ಬರೂ ಸೇರಿ ಉಣ್ಣೆ ಆರಿಸುವುದು, ನೇಯುವವರಿಗೆ ನೂಲು ಹಂಚುವುದು, ಅಂಗಡಿ ನೋಡಿಕೊಳ್ಳುವುದು. ಅಂಗಡಿ ಅತ್ತೆಯ ಹೆಸರಿನಲ್ಲಿತ್ತು. ಅವರ ತವರಿನವರು ಕೊಡಿಸಿದ್ದು. ಮುಂದೆ ಮಾವನೂ ತೀರಿಕೊಂಡಾಗ ಆ ಮುದುಕಿಗೆ ಒಂದೇ ಚಿಂತೆ. ಹನ್ನೊಂದನೆಯ ದಿನಕ್ಕೆ ದಾಯಾದಿಗಳು ಬರುತ್ತಾರೆ, ಮೈದುನನ ಮಗ ಅಂಗಡಿಯ ಬೀಗ ಹಿಡಿಯುತ್ತಾನೆ, ಸೊಸೆ ಬೀದಿಗೆ ಬೀಳುತ್ತಾಳೆ. ಅಂಗಡಿ ಸೊಸೆಗೆ ಸೇರಬೇಕೆಂದು ಉಯಿಲು ಬರೆಸಲು ನಮ್ಮವರಿಗೆ ಹೇಳಿ ಕಳಿಸಿದರು. ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಅಂದಿಗೆ ಏಳನೆಯ ದಿನ.

ನಮ್ಮ ಕಡೆ, ಹೊಸದಾಗಿ ಗಂಡನನ್ನು ಕಳೆದುಕೊಂಡವಳು ಹನ್ನೊಂದು ದಿನ ಕತ್ತಲ ಕೋಣೆಯಲ್ಲಿ ಕೂರಬೇಕು. ಗಂಡಸರ ಎದುರು ಬರುವಂತಿಲ್ಲ, ಅವರ ಜೊತೆ ಮಾತಾಡುವಂತಿಲ್ಲ. ಮುತ್ತೈದೆಯರು ಅವಳ ಮುಖ ನೋಡುವಂತಿಲ್ಲ. ನೋಡಿದರೆ ಅವರ ಗಂಡನ ಆಯುಸ್ಸಿಗೆ ಕೇಡು ಎಂಬ ಭಯ. ನಮ್ಮವರು ನಡುಮನೆಯಲ್ಲಿ ಕೂತು ಉಯಿಲು ಬರೆದರು. ಗಟ್ಟಿಯಾಗಿ ಓದಿದರು. ಕೋಣೆಯಿಂದ ಸದ್ದಿಲ್ಲ. ಎದುರು ಮನೆಯ ಯಜಮಾನರು ಇನ್ನೊಬ್ಬ ಸಾಕ್ಷಿಯಾಗಿ ಪಕ್ಕದಲ್ಲಿ ಕೂತಿದ್ದರು. ತಂಗಿ ಕಾಗದವನ್ನೂ ಮಸಿಯ ಪೆಟ್ಟಿಗೆಯನ್ನೂ ಒಳಗೆ ತೆಗೆದುಕೊಂಡು ಹೋದಳು.

ನಾನು ಹಿತ್ತಿಲ ಕಡೆ ಇದ್ದೆ. ಆ ಕೋಣೆಗೆ ಹಿತ್ತಿಲಿಂದಲೂ ಒಂದು ಚಿಕ್ಕ ಬಾಗಿಲು. ತಂಗಿ ಅದನ್ನು ತೆರೆದು ಪಿಸುಗುಟ್ಟಿದಳು.

“ಅಕ್ಕಾ, ಅತ್ತೆ ಕೈ ನಡುಗ್ತೈತೆ. ನಾನು ಕೈ ಹಿಡ್ಕಂತೀನಿ, ನೀನು ಕಾಗ್ದ ಹಿಡ್ಕ ಬಾ.”

ನಾನು ಯೋಚಿಸದೆ ಒಳಗೆ ಹೋಗಿಬಿಟ್ಟೆ. ಮುದುಕಿ ನನ್ನನ್ನು ಕಂಡು ಸೆರಗು ಎಳೆದುಕೊಂಡರು.

“ನೀನ್ಯಾಕವ್ವಾ ಒಳೀಕ್ ಬಂದೆ? ಮುತ್ತೈದೆ ಕಣೇ ನೀನು!” ಆಮೇಲೆ ಸೆರಗು ಸರಿಸಿ ನನ್ನನ್ನೇ ನೋಡಿದರು. “ಬಂದದ್ದಂತೂ ಬಂದೆ. ಸರಿಯಾಗಿ ನೋಡ್ಕ. ಒತ್ತಿದ್ದು ನಾನೇಯ. ನನ್ನ ಮನಸಿಂದಾನೇ ಒತ್ತಿದ್ದು.”

ನಾನು ನೋಡಿದೆ. ಹೆಬ್ಬೆಟ್ಟು ಕಾಗದದ ಮೇಲೆ ಇಳಿದದ್ದನ್ನು, ಅದರ ಒಂದು ಮೂಲೆ ಸ್ವಲ್ಪ ಜಾರಿದ್ದನ್ನು. ತಂಗಿ ಕಾಗದವನ್ನು ನಡುಮನೆಗೆ ತಂದುಕೊಟ್ಟಳು. ನಮ್ಮವರು ಒಂದು ಗಳಿಗೆ ಕೋಣೆಯ ಬಾಗಿಲನ್ನೇ ನೋಡುತ್ತ ಕೂತಿದ್ದರಂತೆ. ‘ಅಮ್ಮಾ, ಒತ್ತಿದ್ದು ನೀವೇ ತಾನೆ’ ಎಂದು ಕೇಳಿ, ಒಳಗಿಂದ ಹೂಂ ಎಂದು ಬಂದಿದ್ದರೂ ಸಾಕಿತ್ತು, ಕಾನೂನು ಅದನ್ನು ಒಪ್ಪುತ್ತದೆ. ಆದರೆ ಹೊಸ ವಿಧವೆಯನ್ನು ಮಾತಾಡಿಸುವುದು ಹೇಗೆ? ಕೇಳಲಿಲ್ಲ. ಇಬ್ಬರು ಗಂಡಸರೂ ರುಜು ಹಾಕಿದರು. ನೋಡಿದವಳ ರುಜು ಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಹೊರಡುವಾಗ ನಾನು ತಂಗಿಯ ಕೈ ಹಿಡಿದುಕೊಂಡು ಹೇಳಿದೆ: “ನಾನು ಒಳಕ್ಕೆ ಬಂದಿದ್ದು ಯಾರ್ಗೂ ಹೇಳ್ಬ್ಯಾಡ. ನಿಮ್ಮ ಭಾವಂಗಂತೂ ಹೇಳ್ಲೇಬ್ಯಾಡ.” ಬಸ್ಸಿನಲ್ಲಿ ನಮ್ಮವರು ನನ್ನ ಬೆರಳಿಗೆ ಹತ್ತಿದ್ದ ಮಸಿಯನ್ನು ನೋಡಿದರೆಂದು ನನಗೆ ಅನ್ನಿಸಿತು. ನಾನು ಸೆರಗಿನಲ್ಲಿ ಒರೆಸಿಕೊಂಡೆ.

ತಿಂಗಳು ತುಂಬುವುದರೊಳಗೆ ಮುದುಕಿ ಹೋದರು. ಮೈದುನನ ಮಗ ಉಯಿಲು ಸುಳ್ಳೆಂದು ಕೋರ್ಟಿಗೆ ಹೋದ. ತಂಗಿ ಪ್ರತಿವಾದಿಯಾದಳು. ಎದುರು ಮನೆಯ ಯಜಮಾನರು ಕಟಕಟೆ ಹತ್ತಿ, ಹೆಬ್ಬೆಟ್ಟು ಒತ್ತಿದ್ದನ್ನು ಕಣ್ಣಾರೆ ಕಂಡೆ ಎಂದು ಪ್ರಮಾಣ ಮಾಡಿ ಹೇಳಿದರು. ಮಾರನೆಯ ದಿನ ನಮ್ಮವರ ಸರದಿ. ಬೆಳಿಗ್ಗೆ ಮುದ್ದೆ ಬಡಿಸುತ್ತ ಕೇಳಿದೆ.

“ನೋಡ್ದೆ ಅಂತ ಒಂದು ಮಾತು ಅಂದ್ರೆ ನಿಮ್ಮದೇನು ಹೋಗ್ತದೆ?”

“ನನ್ನದೇನೂ ಹೋಗಲ್ಲ ಕಣೆ. ಸಂಜೆ ಜಗಲಿ ಮೇಲೆ ಬಂದು ಕೂರೋರಿಗೆ ಏನು ಹೇಳ್ಕೊಡ್ಲಿ?” ಮುದ್ದೆ ಮುರಿಯದೆ ಕೂತಿದ್ದರು. “ಒಳಗೆ ನಿನ್ನ ತಂಗಿ ಬಿಟ್ಟು ಇನ್ಯಾರಾದ್ರೂ ಇದ್ರಾ? ಇದ್ರೆ ಈಗ ಹೇಳು.”

“ಯಾರೂ ಇರ್ಲಿಲ್ಲ,” ಎಂದೆ.

ನಾನು ಕೋರ್ಟಿನ ಕಿಟಕಿಯ ಹೊರಗೆ ಹೆಂಗಸರ ಜೊತೆ ನಿಂತಿದ್ದೆ. ಎದುರಿನ ವಕೀಲರು ಕೇಳಿದರು, ಆಕೆ ಒತ್ತಿದ್ದನ್ನು ಕಂಡಿರಾ? ಇಲ್ಲ. ಒತ್ತಿದ್ದು ನಾನೇ ಎಂದು ಆಕೆ ನಿಮಗೆ ಹೇಳಿದರಾ? ಇಲ್ಲ. ಮತ್ತೆ ರುಜು ಯಾಕೆ ಹಾಕಿದಿರಿ? “ತಪ್ಪು ಮಾಡಿದೆ ಸ್ವಾಮಿ,” ಎಂದರು ನಮ್ಮವರು. ಇನ್ನೊಬ್ಬ ಸಾಕ್ಷಿ ಎಲ್ಲಿದ್ದರು ಎಂದು ಕೇಳಿದ್ದಕ್ಕೆ, ತಮ್ಮ ಪಕ್ಕದಲ್ಲೇ ಕೂತಿದ್ದರು ಎಂದೂ ಹೇಳಿದರು.

ಆಮೇಲೆ ತಂಗಿಯನ್ನು ಕೇಳಿದರು. ಕೋಣೆಯಲ್ಲಿ ನಿಮ್ಮ ಜೊತೆ ಮತ್ತೆ ಯಾರಿದ್ದರು?

ಅವಳು ಕಿಟಕಿಯ ಕಡೆ ತಿರುಗಿದಳು. ನನ್ನನ್ನು ನೋಡಿದಳು.

“ಯಾರೂ ಇರ್ಲಿಲ್ಲ. ನಾನೊಬ್ಳೇ.”

ಅಂಗಡಿ ಯಾರಿಗೆ ಸೇರಬೇಕೋ ಅವಳೊಬ್ಬಳೇ ಹೆಬ್ಬೆಟ್ಟಿನ ಹತ್ತಿರ ಇದ್ದಳು ಎಂದಾದಮೇಲೆ ಉಳಿದದ್ದೇನು? ಉಯಿಲು ನಿಲ್ಲಲಿಲ್ಲ. ಹೊರಗೆ ಮರದ ಕೆಳಗೆ ಎದುರು ಮನೆಯ ಯಜಮಾನರು ನಮ್ಮವರನ್ನು ಅಡ್ಡಗಟ್ಟಿದರು.

“ಏನ್ ಮೇಷ್ಟ್ರೇ, ಹೆಂಡ್ತಿ ತಂಗಿ ಬಾಯಿಗೆ ಮಣ್ಣಾಕಿ ಹರಿಶ್ಚಂದ್ರ ಆಗ್ಬುಟ್ರಲ್ಲ! ನನ್ನೂ ಸುಳ್ಳ ಅನ್ನುಸ್ದ್ರಿ. ಇನ್ಮ್ಯಾಕೆ ಯಾರಾದ್ರೂ ನಿಮ್ತಾವ ಪತ್ರ ಬರೆಸ್ತಾರಾ ನೋಡ್ತೀನಿ.”

ಅಂಗಡಿ ಹೋಯಿತು. ತಂಗಿ ಒಂದು ಟ್ರಂಕು, ನೂಲುವ ಒಂದು ಕದಿರು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಎಂಟು ವರ್ಷ ನಮ್ಮ ಹಿತ್ತಿಲಲ್ಲಿ ಕೂತು ಪರರ ಉಣ್ಣೆ ನೂತಳು. ನಮ್ಮವರು ಅವಳ ಎದುರು ತಲೆಯೆತ್ತಿ ಕೂತದ್ದನ್ನು ನಾನು ಕಾಣೆ. ಅವಳು ನನ್ನ ಗುಟ್ಟನ್ನು ಕಾಯುತ್ತಿದ್ದಾಳೆ ಎಂಬುದು ಅವರಿಗೆ ತಿಳಿಯದು. ಅಥವಾ ತಿಳಿದಿತ್ತೋ ಏನೋ. ಒಂದು ದಿನ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅವರಿಗೆ ಸ್ವಲ್ಪ ಜ್ವರ ಬಂದರೂ ಮುದುಕಿಯ ಮುಖ ಕಣ್ಣಿಗೆ ಕಟ್ಟುತ್ತಿತ್ತು, ಬಾಯಿ ಕಟ್ಟುತ್ತಿತ್ತು. ಕೊನೆಗೆ ಜ್ವರವೇ ಅವರನ್ನು ತೆಗೆದುಕೊಂಡು ಹೋಯಿತು. ಅದು ನಾನು ಒಳಗೆ ಹೋದದ್ದರಿಂದ ಎಂದು ನಂಬುವುದಿಲ್ಲ. ನಂಬುವುದಿಲ್ಲ ಎಂದು ದಿನಾ ಹೇಳಿಕೊಳ್ಳುತ್ತೇನೆ.

ಅವರು ಹೋದಮೇಲೆ ಕೋಣೆಯಲ್ಲಿ ಕೂರುವ ಸರದಿ ನನ್ನದಾಯಿತು. ಮನೆ ನನ್ನ ಹೆಸರಿನಲ್ಲಿದೆ, ನನ್ನ ತವರಿನ ಒಡವೆಯಿಂದ ಕೊಂಡದ್ದು. ಹನ್ನೊಂದನೆಯ ದಿನ ಪಾವಗಡದಿಂದ ಮೈದುನರು ಬರುವವರಿದ್ದರು. ಅಷ್ಟರಲ್ಲಿ ಅರ್ಧ ಮನೆಯನ್ನು ತಂಗಿಗೆ ದಾನಪತ್ರ ಮಾಡಬೇಕೆಂದು ಒಂಬತ್ತನೆಯ ದಿನ ಹೇಳಿ ಕಳಿಸಿದೆ. ಬಂದವರು ನಮ್ಮ ಜಗಲಿಯ ಮೇಲೆ ಓದಿದವರಲ್ಲಿ ಒಬ್ಬರು. ಈಗ ಅದೇ ಹುಣಸೆಮರದ ಕೆಳಗೆ ಪತ್ರ ಬರೆಯುತ್ತಾರೆ. ಜೊತೆಗೆ ಒಬ್ಬ ಸ್ನೇಹಿತರನ್ನು ಸಾಕ್ಷಿಗೆ ಕರೆತಂದಿದ್ದರು. ನಡುಮನೆಯಲ್ಲಿ ನಮ್ಮವರ ಸೋದರತ್ತೆ, ಊರಿಗೆಲ್ಲ ಅಜ್ಜಿ, ಕಾವಲು ಕೂತಿದ್ದರು.

“ಪತ್ರ ಇತ್ಲಾಗ್ ಕೊಡಪ್ಪ, ಒಳಗೆ ರುಜು ಹಾಕುಸ್ಕಂಡ್ ಬತ್ತೀನಿ,” ಎಂದರು ಅಜ್ಜಿ.

“ಇಲ್ಲ ಅಜ್ಜಿ. ನಮ್ಮ ಮೇಷ್ಟ್ರು ನಮಗೆ ಅಂಗೆ ಹೇಳ್ಕೊಟ್ಟಿಲ್ಲ. ಅಮ್ಮನೋರು ಹೊರಕ್ಕೆ ಬರ್ಬೇಕು, ಇಲ್ಲ ನಾವು ಒಳಕ್ಕೆ ಬರ್ಬೇಕು.”

“ಅಯ್ಯೋ ನಿನ್ನ ಪತ್ರಕ್ಕಿಷ್ಟು ಬೆಂಕಿ ಹಾಕ! ಹನ್ನೊಂದು ದಿನ ಆಗಿಲ್ಲ ಕಣ್ಲಾ!”

ನಾನು ಎದ್ದು ಹೊರಗೆ ಬಂದೆ. ಒಂಬತ್ತು ದಿನದ ಮೇಲೆ ಬೆಳಕು ಕಂಡು ಕಣ್ಣು ಉರಿಯಿತು. ಅವರು ಪತ್ರವನ್ನು ಓದಿ, “ಅಮ್ಮಾ, ಇದು ನಿಮ್ಮ ಮನಸ್ಸಿಂದ ತಾನೆ?” ಎಂದು ಕೇಳಿದರು. ಹೂಂ ಎಂದೆ. ಎಲ್ಲರ ಎದುರು ನಿಧಾನವಾಗಿ ನನ್ನ ಹೆಸರು ಬರೆದೆ. ಸ್ನೇಹಿತರು ಸಾಕ್ಷಿ ಹಾಕಿದರು. ಆಮೇಲೆ ಮಸಿಯ ಪೆಟ್ಟಿಗೆ ಅಜ್ಜಿಯ ಮುಂದೆ ಬಂತು.

“ನೀವೂ ನೋಡಿದ್ರಲ್ಲಜ್ಜಿ, ಎರಡನೇ ಸಾಕ್ಷಿ ನೀವೇ. ಒತ್ತಿ.”

“ನಾನಾ? ಹೆಂಗ್ಸು ಕಣಪ್ಪಾ ನಾನು!”

“ಕಣ್ಣು ಕಾಣ್ತದಲ್ಲ, ಸಾಕು.”

ಅಜ್ಜಿ ಬೈಯುತ್ತಲೇ ಹೆಬ್ಬೆಟ್ಟು ಒತ್ತಿದರು. ರಿಜಿಸ್ಟ್ರಿ ಆಮೇಲೆ ಮಾಡಿಸಿದೆವು.

ಅವರೆಲ್ಲ ಹೋದಮೇಲೆ ತಂಗಿ ಕೋಣೆಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ನಾನು ಕ್ಷಮಿಸು ಎನ್ನಲು ಹೋದೆ. ಅವಳು ಬಿಡಲಿಲ್ಲ.

“ಅಂಗಡಿ ಹೋತು, ಹೋಗ್ಲಿ ಬುಡಕ್ಕ. ಭಾವ ಎಂಟು ವರ್ಷ ನನ್ನ ಮುಖ ನೋಡ್ದಂಗೆ ಉಂಡ್ರು. ತಪ್ಪೆಲ್ಲ ತಮ್ದೇ ಅಂದ್ಕಂಡೇ ಹೋದ್ರು. ಅವರ್ಗೆ ಒಂದ್ ಮಾತು ಹೇಳ್ಬೇಕಿತ್ತು ನೀನು.”

ಉತ್ತರದ ಕಡೆಯ ಎರಡು ಕೋಣೆ ಈಗ ಅವಳದು. ಬೀಗದಕೈಯನ್ನೂ ಕೊಟ್ಟಿದ್ದೇನೆ. ಅವಳು ಇಸಿದುಕೊಂಡಳು, ಹೂಂ ಎನ್ನಲಿಲ್ಲ. ಇನ್ನೂ ಆ ಬಾಗಿಲು ತೆರೆದಿಲ್ಲ.